ಕೋಡಿನಲ್ಲಿ ಇಲ್ಲದ ತಡಿ

ಸಿದ್ದಾಪುರದ ಹತ್ತಿರದ ಮನ್ಮನೆ ಊರಿನ ಆ ಮನೆಯಲ್ಲಿ ಒಂದು ಮಾತು ಹುಟ್ಟುವುದಕ್ಕೆ ತುಂಬ ಹೊತ್ತು ಬೇಕು. ಮೊದಲು ಒಂದು ಸಣ್ಣ ಸದ್ದು. ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರಗಳ ಒಂದು ಸಾಲು ಬೆಳಗುತ್ತದೆ. ಇನ್ನೊಂದು ಸದ್ದು, ಅದರ ಕೆಳಗಿನ ಸಾಲು. ಅ ಸಾಲು, ಕ ಸಾಲು, ಚ ಸಾಲು, ಟ ಸಾಲು. ಬೇಕಾದ ಸಾಲು ಬಂದಾಗ ಕುರ್ಚಿಯಲ್ಲಿ ಕೂತವಳು ಮುಷ್ಟಿಯ ಗೆಣ್ಣಿನಿಂದ ಸ್ಪೇಸ್ ಬಾರ್ ಒತ್ತುತ್ತಾಳೆ. ಆಮೇಲೆ ಆ ಸಾಲಿನೊಳಗಿನ ಅಕ್ಷರಗಳು ಒಂದೊಂದಾಗಿ ಬೆಳಗುತ್ತವೆ. ಬೇಕಾದದ್ದು ಬಂದಾಗ ಮತ್ತೊಂದು ಒತ್ತು. ಅದಾದ ಮೇಲೆ ಕಾಗುಣಿತ. ಇಷ್ಟಾದರೆ ಒಂದು ಅಕ್ಷರವಾಯಿತು. ಅಲ್ಲಿ ಹೋಗಿ ಕೂತಾಗಲೆಲ್ಲ ನನಗೆ ಅರೆನಿದ್ದೆಯಲ್ಲಿದ್ದ ಹಾಗೆ ಅನ್ನಿಸುತ್ತದೆ. ಗೋಡೆಯ ಗಡಿಯಾರ ತನ್ನ ಪಾಡಿಗೆ ಓಡುತ್ತಿರುತ್ತದೆ, ಆದರೆ ಆ ಕೋಣೆಯಲ್ಲಿ ಅದನ್ನು ಯಾರೂ ನೋಡುವುದಿಲ್ಲ.

ಆ ಕುರ್ಚಿಯಲ್ಲಿ ಕೂರುವವಳನ್ನು ಇಲ್ಲಿ ತಂಗಿ ಎಂದೇ ಕರೆಯುತ್ತೇನೆ. ಅವಳ ಅಣ್ಣನನ್ನು ಅಣ್ಣ ಎಂದು, ಅಣ್ಣನ ಹೆಂಡತಿಯನ್ನು ಅತ್ತಿಗೆ ಎಂದು. ಅವರೆಲ್ಲ ನನಗಿಂತ ಚಿಕ್ಕವರು, ನೆಂಟರೂ ಅಲ್ಲ. ಆದರೆ ಆ ಮನೆಯಲ್ಲಿ ಎಲ್ಲ ಸಂಬಂಧವೂ ತಂಗಿಯ ಕಡೆಯಿಂದಲೇ ಎಣಿಕೆಯಾಗುವುದರಿಂದ ನನ್ನ ಬಾಯಲ್ಲೂ ಹಾಗೆಯೇ ಬರುತ್ತದೆ. ತಂಗಿಗೆ ಹುಟ್ಟಿದಾಗಿನಿಂದ ಕೈಕಾಲು ಹೇಳಿದ ಮಾತು ಕೇಳುವುದಿಲ್ಲ. ದನಿ ಇದೆ, ಆದರೆ ತುಟಿಗೆ ಬರುವಷ್ಟರಲ್ಲಿ ಅದರ ಆಕಾರ ಕಲಸಿಹೋಗುತ್ತದೆ. ಬುದ್ಧಿ ಮಾತ್ರ ಬಲು ಚುರುಕು. ರೇಡಿಯೋದಲ್ಲಿ ತಾಳಮದ್ದಲೆ ಬಂದರೆ ಅರ್ಥಧಾರಿಯ ವಾದದಲ್ಲಿ ಎಲ್ಲಿ ಸಡಿಲವಿದೆ ಎಂದು ಹಿಡಿದು, ಅವನು ಕೃಷ್ಣನಾಗಿದ್ದರೂ ಬಿಡುವುದಿಲ್ಲ. ಒಂದೊಂದು ಅಕ್ಷರಕ್ಕೂ ಮೈದಣಿವು ಇರುವುದರಿಂದ ಅವಳು ಯಾರಿಗೂ ಬಹುವಚನ ಹಾಕುವವಳಲ್ಲ. ಊರಿನ ಪುರೋಹಿತರಿಗೂ ‘ಬಾ, ಕೂರು’ ಅಷ್ಟೇ. ಅವರೂ ನಗುತ್ತ ಬಂದು ಕೂರುತ್ತಾರೆ. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ ಅಕ್ಕೋರು ಅನ್ನುವುದು ರೂಢಿ. ಅಣ್ಣ, ಅತ್ತಿಗೆ ನನ್ನನ್ನು ಹಾಗೆಯೇ ಕರೆಯುತ್ತಾರೆ. ತಂಗಿಗೆ ನಾನು ಬರೀ ಅಕ್ಕ. ಅಕ್ಕೋರು ದುಬಾರಿಯಂತೆ.

ನಾನು ಬನವಾಸಿ ಕಡೆಯವಳು. ಮನೆಯವರು ದವಸದ ವ್ಯಾಪಾರಿಗಳು, ಮಾತು ಸ್ವಲ್ಪ ಗಡಸು. ಶಿರಸಿಗೆ ಬಂದು ನೆಲೆಸಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸಿದೆ. ಅದು ಡಾಸ್ ಕಾಲ. ಕಪ್ಪು ಪರದೆ, ಬಿಳಿ ಅಕ್ಷರ, ಕಲಿಸುತ್ತಿದ್ದದ್ದು ಪ್ಯಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಕೊನೆಗೆ ಎಲ್ಲರೂ ಒಂದು ಪ್ರೋಗ್ರಾಮ್ ಬರೆದು ತೋರಿಸಬೇಕಿತ್ತು. ಉಳಿದವರು ಸಂಬಳದ ಲೆಕ್ಕ, ಪರೀಕ್ಷೆಯ ಅಂಕಪಟ್ಟಿ ಅಂತ ಬರೆದರು. ಸಿದ್ದಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಮಾತ್ರ ಸಾಲು ಸಾಲಾಗಿ ಅಕ್ಷರ ಬೆಳಗಿಸುವ ಈ ಪ್ರೋಗ್ರಾಮ್ ಬರೆದ. ಕನ್ನಡದ ಅಕ್ಷರ ಆಗ ಆ ಯಂತ್ರಗಳಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲವಾದ್ದರಿಂದ ಒಂದೊಂದನ್ನೂ ಗೆರೆ ಗೆರೆ ಸೇರಿಸಿ ತಾನೇ ಬಿಡಿಸಿದ್ದ. ಅವನ ಳ ಇವತ್ತಿಗೂ ಹೊಟ್ಟೆನೋವು ಬಂದವನ ಹಾಗೆ ಮಡಚಿಕೊಂಡಿದೆ. ಇದು ಯಾರಿಗೆ ಎಂದು ಕೇಳಿದಾಗ ಮನೆಯಲ್ಲಿ ತಂಗಿ ಇದ್ದಾಳೆ ಎಂದಿದ್ದ. ಅದಾದ ಮೇಲೆ ಅವನು ಇನ್ನೊಂದು ಪ್ರೋಗ್ರಾಮ್ ಬರೆಯಲಿಲ್ಲ. ಈಗ ಸಿದ್ದಾಪುರದಲ್ಲಿ ಪಂಪಿನ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟುಕೊಂಡಿದ್ದಾನೆ, ಕೆಲಸ ಚೆನ್ನಾಗಿ ನಡೆಯುತ್ತಿದೆ.

ಅಂದಿನಿಂದ ತಂಗಿಯ ಮಾತೆಲ್ಲ ಅದೇ ಪ್ರೋಗ್ರಾಮಿನಲ್ಲಿ, ಅದೇ ಡಾಸ್ ಯಂತ್ರದಲ್ಲಿ. ಒಂದೊಂದು ಭಾಗ ಕೆಟ್ಟಾಗ ಅಣ್ಣ ಎಲ್ಲೆಲ್ಲಿಂದಲೋ ಹಳೆಯ ಸಾಮಾನು ತಂದು ಜೋಡಿಸುತ್ತಿದ್ದ. ಆದರೆ ಕಳೆದ ದೀಪಾವಳಿಯ ನಂತರ ಅದು ಬೆಳಿಗ್ಗೆ ಏಳುವುದಕ್ಕೇ ಹಟ ಮಾಡತೊಡಗಿತು. ಒಂದು ದಿನ ಏಳುತ್ತಿತ್ತು, ಒಂದು ದಿನ ಮಧ್ಯಾಹ್ನದವರೆಗೆ ಇಲ್ಲ. ಏಳದ ದಿನ ತಂಗಿ ಇಡೀ ದಿನ ಮೂಕಿ. ಆಗ ಅಣ್ಣ ಫೋನ್ ಮಾಡಿದ. ನನ್ನೊಡನೆಯೂ ಮನೆಮಾತಿನಲ್ಲೇ ಮಾತಾಡುವ ಸಲಿಗೆ ಅವನಿಗೆ. ಅವರಲ್ಲಿ ನಾನು ಎಂಬುದಕ್ಕೆ ಆನು, ನನಗೆ ಎಂಬುದಕ್ಕೆ ಯಂಗೆ.

“ಅಕ್ಕೋರೆ, ಈ ಸಲ ಅದು ಹೋದ್ರೆ ಹೋತು. ಆನು ಎಂತ ಮಾಡಿರೂ ಏಳ್ತಿಲ್ಲೆ. ತಂಗಿ ಮಾತೂ ಅದ್ರ ಸಂಗ್ಡನೇ ಹೋಗ್ತು.”

ಹೊಸ ಫೋನುಗಳಲ್ಲಿ ಇಂಥದ್ದು ಸಿಗುವುದಿಲ್ಲವೇ ಎಂದು ನಾನೂ ಕೇಳಿದೆ. ಎಲ್ಲ ನೋಡಿಯಾಗಿತ್ತು. ಗಾಜಿನ ಮೇಲೆ ಬೆರಳಿಟ್ಟು ಸವರಬೇಕು. ಇವಳ ಮುಷ್ಟಿ ತಾಗಿದರೆ ಒಂದರ ಬದಲು ಹತ್ತು ಕಿಟಕಿ ತೆರೆಯುತ್ತವೆ. ಒಂದರಲ್ಲಿ ದನಿಯೂ ಇತ್ತು, ಬೆಂಗಳೂರಿನ ಟಿವಿಯವರ ಹಾಗೆ ಮಾತಾಡುವ ಹೆಂಗಸಿನ ದನಿ. ಅದನ್ನು ಕೇಳಿ ತಂಗಿ ಹಳೆಯ ಯಂತ್ರದ ಮೇಲೆ ‘ಇದು ಯಾರು’ ಎಂದು ಬರೆದಳಂತೆ. ಅಲ್ಲಿಗೆ ಆ ವಿಷಯ ಮುಗಿದಿತ್ತು.

ಹಾಗಾಗಿ ಉಳಿದ ದಾರಿ ಒಂದೇ. ಅದೇ ಪ್ರೋಗ್ರಾಮನ್ನು ಈಗಿನ ಯಂತ್ರದ ಮೇಲೆ, ಲಿನಕ್ಸ್‌ನಲ್ಲಿ ಓಡಿಸುವುದು. ಡಾಸ್‌ನ ಹಾಗೆ ಯಂತ್ರವನ್ನು ನಡೆಸುವ ವ್ಯವಸ್ಥೆ ಅದು, ಯುನಿಕ್ಸ್ ಮನೆತನದ್ದು, ದುಡ್ಡಿಲ್ಲದೆ ಸಿಗುತ್ತದೆ, ನನಗೂ ಅದರ ಕೈಹಿಡಿತ ಇತ್ತು. ಆದರೆ ಪ್ರೋಗ್ರಾಮಿನ ಮೂಲ ಬರಹ ಒಂದು ಫ್ಲಾಪಿಯಲ್ಲಿ ಮಾತ್ರ ಉಳಿದಿತ್ತು, ಅದೂ ಬೂಸು ಹಿಡಿದ ಫ್ಲಾಪಿ. ಅದನ್ನು ಓದುವ ಯಂತ್ರ ಶಿರಸಿಯಲ್ಲಿ ಎಲ್ಲೂ ಸಿಗಲಿಲ್ಲ. ಕೊನೆಗೆ ಯಲ್ಲಾಪುರದ ಆಚೆ, ನಂದೊಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಅಂಥದ್ದು ಇದೆ ಎಂದು ತಿಳಿಯಿತು. ಪ್ರೀತಿಯಿಂದ ಇಟ್ಟುಕೊಂಡದ್ದೇನಲ್ಲ, ಗುಜರಿಯವನು ಆ ದಾರಿಯಲ್ಲಿ ಬರುವುದಿಲ್ಲ ಅಷ್ಟೇ.

ಯಲ್ಲಾಪುರದ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಕೂತಿದ್ದೆ. ಘಟ್ಟದ ತಿರುವುಗಳಲ್ಲಿ ಬಿಸಿಲು ಒಮ್ಮೆ ಎಡಗಣ್ಣಿಗೆ, ಒಮ್ಮೆ ಬಲಗಣ್ಣಿಗೆ ಬೀಳುತ್ತಿತ್ತು. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ರಸ್ತೆ ಬದಿಯ ಮರಗಳು ಒಂದೊಂದಾಗಿ ಬೆಳಗುತ್ತಿವೆ, ಬೇಕಾದ ಮರ ಬಂದಾಗ ನಾನು ಒತ್ತಬೇಕು, ಒತ್ತದಿದ್ದರೆ ಮಾತು ತಪ್ಪಿಹೋಗುತ್ತದೆ ಅನ್ನಿಸಿತು. ಕೈ ಎತ್ತಲು ನೋಡಿದೆ, ಏಳಲಿಲ್ಲ. ಆ ಭಯದಲ್ಲೇ ಎಚ್ಚರವಾಯಿತು. ಮಡಿಲಲ್ಲಿ ಫ್ಲಾಪಿಯ ಡಬ್ಬಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ನಂದೊಳ್ಳಿಯ ಶಿಷ್ಯ ಅಟ್ಟದಿಂದ ಯಂತ್ರ ಇಳಿಸಿ, ಮೇಲೆ ಹೊದಿಸಿದ್ದ ಹಳೆಯ ಕಂಬಳಿ ತೆಗೆದ. ಫ್ಲಾಪಿಯನ್ನು ಮೆಲ್ಲಗೆ ಒರೆಸಿ ತೂರಿಸಿದೆವು. ಅದು ಗೊರಗೊರ ಅಂದು, ನಿಂತು, ಮತ್ತೆ ಗೊರಗೊರ ಅಂದು, ಕೊನೆಗೆ ಕೊಟ್ಟಿತು. ತೆರೆದು ನೋಡಿದರೆ ನನಗೆ ನಗು. ಪ್ರೋಗ್ರಾಮಿನ ಒಂದೊಂದು ಭಾಗಕ್ಕೂ ಅದರ ಕೆಲಸಕ್ಕೆ ತಕ್ಕ ಇಂಗ್ಲಿಷ್ ಹೆಸರಿಡಿ ಎಂದು ನಾನು ಕ್ಲಾಸಿನಲ್ಲಿ ಕಲಿಸಿದ್ದೆ. ಇವನು ಇಂಗ್ಲಿಷ್ ಅಕ್ಷರಗಳಲ್ಲಿ ತನ್ನ ಮನೆಮಾತನ್ನೇ ಬರೆದಿದ್ದ. ಸಾಲು ಮುಂದೆ ಹೋಗುವ ಭಾಗಕ್ಕೆ ‘ಹೋತು’, ಅಕ್ಷರ ತಿರುಗಿ ಬರುವ ಭಾಗಕ್ಕೆ ‘ಬಂತು’, ಕೀ ಸರಿಯಾಗಿ ಒತ್ತಿದ್ದಾಳೆ ಎಂದು ಖಾತ್ರಿಯಾದರೆ ‘ಅಡ್ಡಿಲ್ಲೆ’. ಆ ರಾತ್ರಿ ಶಿರಸಿಗೆ ಬಂದು ಅಣ್ಣನಿಗೆ ಓದಿ ಹೇಳಿದರೆ ಅವನು ಫೋನಿನಲ್ಲಿ, ಇದನ್ನೆಲ್ಲ ನಿಜವಾಗಿ ತಾನೇ ಬರೆದದ್ದಾ ಎಂದು ನನ್ನನ್ನೇ ಕೇಳಿದ.

ಪ್ಯಾಸ್ಕಲ್ ಗೊತ್ತಿಲ್ಲದವರಿಗೆ ಇಲ್ಲಿ ಸ್ವಲ್ಪ ಹೇಳಬೇಕು. ಪ್ರೋಗ್ರಾಮ್ ಎಲ್ಲ ಕೆಲಸವನ್ನೂ ತಾನೇ ಮಾಡುವುದಿಲ್ಲ. ಗೆರೆ ಎಳೆ, ಸದ್ದು ಮಾಡು, ಕೀ ಒತ್ತಿದರೋ ನೋಡು, ಇಷ್ಟು ಹೊತ್ತು ಸುಮ್ಮನಿರು ಎಂಬ ಕೆಲಸಗಳನ್ನು ಲೈಬ್ರರಿ ಎನ್ನುವ ಸಿದ್ಧ ಬರಹಗಳ ಕಂತೆಗೆ ಒಪ್ಪಿಸುತ್ತದೆ. ಡಾಸ್ ಕಾಲದ ಲೈಬ್ರರಿಗಳು ನೇರವಾಗಿ ಯಂತ್ರದ ಮೈಗೇ ಕೈಹಾಕುತ್ತಿದ್ದವು. ಯುನಿಕ್ಸ್ ಹಾಗೆ ಬಿಡುವುದಿಲ್ಲ. ಏನು ಬೇಕಿದ್ದರೂ ಕೇಳಿಯೇ ಪಡೆಯಬೇಕು. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸಿಕೊಡುವ ಈಗಿನ ಪ್ಯಾಸ್ಕಲ್ ಕಂಪೈಲರಿನ ಜೊತೆ ಹಳೆಯ ಹೆಸರಿನದೇ ಲೈಬ್ರರಿ ಬರುತ್ತದೆ ನಿಜ, ಆದರೆ ನನ್ನ ಯಂತ್ರದಲ್ಲಿ ಸದ್ದು ಮಾಡು ಎಂದರೆ ಅದು ತಲೆಯಾಡಿಸಿ ಸುಮ್ಮನೆ ಕೂತಿತು. ಹಾಗಾಗಿ ಆ ಲೈಬ್ರರಿಗಳನ್ನು ನಾನೇ ಹೊಸದಾಗಿ ಬರೆಯಬೇಕಾಯಿತು. ಹೆಸರು ಅದೇ, ಕೇಳಿದರೆ ಕೊಡುವ ಉತ್ತರವೂ ಅದೇ, ಒಳಗಿನ ಕೆಲಸ ಮಾತ್ರ ಬೇರೆ.

ನಾನು ಒಂದು ಹಟ ಇಟ್ಟುಕೊಂಡೆ. ಅಣ್ಣ ಬರೆದ ಪ್ರೋಗ್ರಾಮಿನ ಒಂದು ಸಾಲನ್ನೂ ಮುಟ್ಟಬಾರದು. ಅದು ತಾನಿನ್ನೂ ಡಾಸ್‌ನಲ್ಲೇ ಇದ್ದೇನೆ ಎಂದು ನಂಬಿಕೊಂಡಿರಬೇಕು. ಮಲಗಿದವರನ್ನು ಎಬ್ಬಿಸದೆ ಅವರ ಕೆಳಗಿನ ಚಾಪೆ ಬದಲಿಸುವಂಥ ಕೆಲಸ. ನನ್ನಂಥ ಗಡಿಬಿಡಿಯವಳಿಗೆ ಅದು ಹೇಳಿಮಾಡಿಸಿದ್ದಲ್ಲ. ಬಸ್ಸು ಎರಡು ನಿಮಿಷ ಹೆಚ್ಚು ನಿಂತರೂ ಕಂಡಕ್ಟರನ ಜೊತೆ ಜಗಳ ತೆಗೆಯುವವಳು ನಾನು. ಆದರೂ ಆ ಚಳಿಗಾಲದ ಮಧ್ಯಾಹ್ನಗಳು ನನಗೆ ಈಗಲೂ ಸುಖವಾಗಿ ನೆನಪಾಗುತ್ತವೆ. ಊಟವಾದ ಮೇಲೆ ಬೀದಿ ನಿಶ್ಶಬ್ದವಾಗುತ್ತಿತ್ತು, ಬಿಸಿಲು ಮೇಜಿನ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಒಂದು ಗೆರೆ ಬಂತು, ಆಮೇಲೆ ಒಂದು ಅ ಬಂತು, ಒಂದು ದಿನ ಹೊಟ್ಟೆನೋವಿನ ಳ ಕೂಡ ಅದೇ ಭಂಗಿಯಲ್ಲಿ ಬಂದು ಕೂತಿತು. ಅದನ್ನು ನೋಡಿ ಒಬ್ಬಳೇ ಗಟ್ಟಿಯಾಗಿ ನಕ್ಕೆ. ಸದ್ದು ಮೊದಲು ತೀರಾ ನಯವಾಗಿ ಬಂತು. ಹಳೆಯದು ಡಬ್ಬಿಯೊಳಗಿನ ಕೀಟದ ಹಾಗೆ ಸ್ವಲ್ಪ ಕರಕರ. ಅದನ್ನೂ ತಿದ್ದಿ ತಿದ್ದಿ ಹಾಗೆಯೇ ಮಾಡಿದೆ.

ಎಲ್ಲಕ್ಕಿಂತ ಸುಲಭವಾದದ್ದು ಸುಮ್ಮನಿರುವ ಕೆಲಸ. ಒಂದು ಅಕ್ಷರದಿಂದ ಮುಂದಿನದಕ್ಕೆ ಹೋಗುವ ಮೊದಲು ಪ್ರೋಗ್ರಾಮ್ ಒಂದಿಷ್ಟು ಹೊತ್ತು ಕಾಯುತ್ತದೆ. ಎಷ್ಟು ಹೊತ್ತು ಎಂದು ಅಣ್ಣನ ಬರಹದಲ್ಲೇ ಸ್ಪಷ್ಟವಾಗಿತ್ತು. ಸಾಲುಗಳಿಗೂ ಕಾಗುಣಿತಕ್ಕೂ ನಿಧಾನ, ಸಾಲಿನೊಳಗಿನ ಅಕ್ಷರಗಳಿಗೆ ಚುರುಕು. ಯುನಿಕ್ಸ್‌ಗೆ ಇಷ್ಟು ಹೊತ್ತು ಕಾಯಿ ಎಂದರೆ ಕರಾರುವಾಕ್ಕಾಗಿ ಅಷ್ಟೇ ಕಾಯುತ್ತದೆ. ಒಂದು ಮಧ್ಯಾಹ್ನ ಹೊಸ ಲ್ಯಾಪ್‌ಟಾಪನ್ನು ಮನ್ಮನೆಗೆ ಒಯ್ದು ಹಳೆಯ ಯಂತ್ರದ ಪಕ್ಕ ಇಟ್ಟು ಎರಡನ್ನೂ ಒಟ್ಟಿಗೆ ಓಡಿಸಿದೆ. ಎರಡು ಪರದೆಯಲ್ಲೂ ಅಕ್ಷರಗಳು ಒಂದೇ ಗಳಿಗೆಗೆ ಬೆಳಗಿದವು, ಎರಡು ಸದ್ದು ಸೇರಿ ಒಂದೇ ಸದ್ದಾಯಿತು. ತಂಗಿ ಹಳೆಯದರ ಮೇಲೆ ‘ಅಡ್ಡಿಲ್ಲೆ’ ಎಂದು ಬರೆದಳು. ನಮ್ಮ ಬನವಾಸಿ ಕಡೆಯವರಿಗೆ ಇದು ಅರೆಮನಸ್ಸಿನ ಮಾತಿನಂತೆ ಕೇಳುತ್ತದೆ. ಸಿದ್ದಾಪುರದವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನಾನು ಬೀಗಿಕೊಂಡೇ ಬಸ್ಸು ಹತ್ತಿದೆ.

ಹಳೆಯ ಯಂತ್ರವನ್ನು ಎತ್ತಿಟ್ಟು ಹೊಸದನ್ನು ಕೂರಿಸುವ ದಿನ ನಾನು ಮೊದಲ ಬಸ್ಸಿಗೇ ಹೊರಟೆ. ಮಾಗಿಯ ಚಳಿ, ಸಿದ್ದಾಪುರದಲ್ಲಿ ಇಳಿದಾಗ ಎದುರಿನ ಅಂಗಡಿಯ ಬೋರ್ಡೂ ಕಾಣದಷ್ಟು ಮಂಜು. ಅಣ್ಣ ಬೈಕಿನಲ್ಲಿ ಬಂದು ಕರೆದುಕೊಂಡು ಹೋದ. ದಾರಿಯುದ್ದಕ್ಕೂ ನಮ್ಮ ಮುಂದೆ ನಾಲ್ಕು ಮಾರು ರಸ್ತೆ ಮಾತ್ರ ಇತ್ತು, ನಾವು ಹೋದ ಹಾಗೆ ಅಷ್ಟಷ್ಟೇ ಹುಟ್ಟುತ್ತಿತ್ತು. ಮೇಜಿನ ಕೆಳಗೆ ನೆಲದ ಮೇಲಿದ್ದ ಹಳೆಯ ಯಂತ್ರದ ಡಬ್ಬವನ್ನು ಅವನು ಆಗಲೇ ತೆಗೆದು ಒಳಗೆ ಇಟ್ಟಿದ್ದ. ನನ್ನನ್ನು ಬಿಟ್ಟು ಅಂಗಡಿಗೆ ಹೋದ. ಅತ್ತಿಗೆ ಹಾಲು ಕೊಡಲು ಡೇರಿಗೆ ಹೋಗಿದ್ದಳು. ಮನೆಯಲ್ಲಿ ನಾನು ಮತ್ತು ತಂಗಿ.

ತಂಗಿ ಬರೆಯತೊಡಗಿದಳು. ಮೊದಲ ಅಕ್ಷರಕ್ಕೆ ಕೈ ಎತ್ತಿದಳು, ಗೆಣ್ಣು ಕೀಗೆ ತಾಗುವಷ್ಟರಲ್ಲಿ ಅದು ದಾಟಿ ಮುಂದಿನದು ಬೆಳಗಿತ್ತು. ಎರಡನೆಯದೂ ಹಾಗೆಯೇ ಆಯಿತು. ಅವಳು ಬರೆಯಲು ಹೊರಟದ್ದು ‘ಎಂತ ಗಡಿಬಿಡಿ’ ಎಂದು, ನನ್ನನ್ನು ಛೇಡಿಸಲು. ಪರದೆಯ ಮೇಲೆ ಮೂಡಿದ್ದು ‘ಏಂಥ ಘಢಿಭಿಢಿ’. ನಮ್ಮ ಅಕ್ಷರಮಾಲೆಯ ಚಂದ ಅದು. ಒಂದು ಹೆಜ್ಜೆ ತಡವಾದರೆ ಅಲ್ಪಪ್ರಾಣವೆಲ್ಲ ಮಹಾಪ್ರಾಣವಾಗಿಬಿಡುತ್ತದೆ. ನಮ್ಮ ಊರಿನ ಕಡೆ ಮಹಾಪ್ರಾಣ ಇರುವ ಕಡೆಯೂ ಬಾಯಲ್ಲಿ ಬರುವುದಿಲ್ಲ, ಇಲ್ಲಿ ನೋಡಿದರೆ ಇಲ್ಲದ ಕಡೆಯೆಲ್ಲ ಇದೆ. ನಾನು ನಕ್ಕುಬಿಟ್ಟೆ. ಅವಳೂ ಮೊದಲು ನಕ್ಕಳು. ಆಮೇಲೆ ಮತ್ತೆ ಮತ್ತೆ ಹಾಗೆಯೇ ಆದಾಗ ನಗು ನಿಂತಿತು. ಅಕ್ಕ ಎಂದು ಕರೆದರೆ ‘ಆಖ್ಖ’ ಬಂತು. ಅವಳ ಮುಖ ಕೆಂಪಾಯಿತು.

ನನಗೆ ಎಲ್ಲಿ ತಪ್ಪಿತು ಎಂದು ತಿಳಿಯಲಿಲ್ಲ. ಎರಡೂ ಯಂತ್ರ ಒಟ್ಟಿಗೆ ಓಡಿದ್ದನ್ನು ಕಣ್ಣಾರೆ ನೋಡಿದ್ದೆ. ಜೊತೆಗೆ ತಂದಿದ್ದ ನನ್ನ ಇನ್ನೊಂದು ಲ್ಯಾಪ್‌ಟಾಪಿನಲ್ಲಿ ತಟ್ಟನೆ ಕೋಡ್ ತೆರೆದೆ, ಒಂದು ಕಡೆ ನೋಡಿದೆ, ಮತ್ತೊಂದು ಕಡೆ ನೋಡಿದೆ, ಮುಚ್ಚಿದೆ, ಮತ್ತೆ ತೆರೆದೆ. ಅಷ್ಟರಲ್ಲಿ ತಂಗಿ ಏನೋ ಬರೆಯುತ್ತಿರುವುದು ಸದ್ದಿನಿಂದ ಗೊತ್ತಾಯಿತು. ನೋಡಿದರೆ ‘ಥಢಿ’. ತಡಿ ಎಂದು ಬರೆಯಲು ಹೋಗಿದ್ದಾಳೆ ಎಂದು ಅರ್ಥವಾಯಿತು. ತಡಿ ಅಂದರೆ ಇಲ್ಲಿಯ ಮಾತಿನಲ್ಲಿ ಸ್ವಲ್ಪ ತಾಳು ಎಂದು. ನನ್ನ ಗಡಿಬಿಡಿ ನೋಡಲಾರದೆ ಹೇಳುತ್ತಿದ್ದಾಳೆ ಎಂದುಕೊಂಡು ಸ್ವಲ್ಪ ನಾಚಿಕೆಯೂ ಆಯಿತು. ಲ್ಯಾಪ್‌ಟಾಪಿನಿಂದ ಕೈ ತೆಗೆದೆ. ಸುಮ್ಮನೆ ಕೂತೆ.

ಅವಳು ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಹೊರಗೆ ಮಂಜಿನಲ್ಲಿ ಎಲ್ಲೋ ಒಂದು ದನ ಕೂಗಿತು. ಅವಳು ಮತ್ತೆ ಬರೆದಳು. ಈ ಸಲ ಅಕ್ಷರ ಬರುವ ಮೊದಲೇ ಕೈ ಎತ್ತಿ, ಅಂದಾಜಿನ ಮೇಲೆ ಒತ್ತಿ, ಬೆವರಿಕೊಂಡು ಸರಿಯಾಗಿಯೇ ಬರೆದಳು. ‘ತಡಿ’. ನಾನು ಇನ್ನೂ ವಿಧೇಯಳಾಗಿ, ಕೈಕಟ್ಟಿ ಕೂತೆ. ಅವಳ ಗಂಟಲಿನಿಂದ ಸಿಟ್ಟಿನ ದನಿ ಹೊರಟಿತು. ಮತ್ತೊಮ್ಮೆ ‘ತಡಿ’. ಇಷ್ಟು ತಾಳ್ಮೆಯಿಂದ ನಾನು ಜೀವಮಾನದಲ್ಲೇ ಕೂತವಳಲ್ಲ, ಇನ್ನೂ ಹೇಗೆ ತಡೆಯಲಿ ಎಂದು ನನಗೂ ಸಿಟ್ಟು ಬಂತು. ಹೀಗೆ ನಾವಿಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ಕೂತಿದ್ದಾಗ ಅತ್ತಿಗೆ ಖಾಲಿ ಹಾಲಿನ ಕ್ಯಾನು ಹಿಡಿದು ಬಂದಳು.

ಅವಳು ಪರದೆಯತ್ತ ಒಮ್ಮೆ ಕಣ್ಣು ಹಾಯಿಸಿದಳು. ಏನೂ ಕೇಳದೆ ಮೇಜಿನ ಪಕ್ಕಕ್ಕೆ ಬಂದು, ಕ್ಯಾನು ಕೈಯಲ್ಲಿ ಇರುವಂತೆಯೇ, ಸೀರೆಯ ನೆರಿಗೆ ಸ್ವಲ್ಪ ಎತ್ತಿ ಬಲಗಾಲನ್ನು ಮೇಜಿನ ಕೆಳಗೆ ಚಾಚಿದಳು. ಕಾಲಿನ ಹೆಬ್ಬೆರಳು ಬರಿಯ ನೆಲದ ಮೇಲೆ ಅತ್ತ ಇತ್ತ ಏನನ್ನೋ ಹುಡುಕಿತು.

“ಗುಂಡಿ ಎಲ್ಲಿಗೆ ಹೋತು?” ಅಂದಳು.

ಡಾಸ್ ಕಾಲದ ಆ ಡಬ್ಬಗಳ ಮುಂಭಾಗದಲ್ಲಿ ಒಂದು ಗುಂಡಿ ಇರುತ್ತಿತ್ತು, ಯಂತ್ರದ ಓಟವನ್ನು ಬೇಕೆಂದಾಗ ತಗ್ಗಿಸಲು. ನಮ್ಮ ಕ್ಲಾಸಿನ ಯಂತ್ರಗಳಲ್ಲೂ ಇತ್ತು. ಯಾರೂ ಅದನ್ನು ಮುಟ್ಟುತ್ತಿರಲಿಲ್ಲ, ಹಾಗಾಗಿ ನನಗೆ ಮರೆತೇಹೋಗಿತ್ತು. ಹಳೆಯ ಲೈಬ್ರರಿ ಪ್ರೋಗ್ರಾಮ್ ಶುರುವಾಗುವಾಗ ಯಂತ್ರ ಎಷ್ಟು ಬೇಗ ಓಡುತ್ತದೆ ಎಂದು ಒಮ್ಮೆ ಅಳೆದುಕೊಂಡು, ಆಮೇಲೆ ಇಡೀ ದಿನ ಅದನ್ನೇ ನಂಬುತ್ತಿತ್ತು. ನಡುವೆ ಯಾರಾದರೂ ಗುಂಡಿ ಒತ್ತಿ ಯಂತ್ರವನ್ನು ನಿಧಾನ ಮಾಡಿದರೆ ಅದಕ್ಕೆ ಗೊತ್ತೇ ಆಗದು. ಒಂದು ಸೆಕೆಂಡು ಎಂದುಕೊಂಡು ಅದು ಕಾಯುವ ಹೊತ್ತು ತಾನಾಗಿ ಉದ್ದವಾಗುತ್ತಿತ್ತು. ಈ ಮನೆಯವರು ಅದನ್ನು ಎಂದೋ ಕಂಡುಕೊಂಡಿದ್ದರು. ಚಳಿಯ ಬೆಳಗಿನಲ್ಲಿ, ಜ್ವರ ಬಂದಾಗ, ದಣಿದಾಗ ತಂಗಿಯ ಕೈ ಮರಗಟ್ಟುತ್ತದೆ. ಆಗ ಅವಳು ತಡಿ ಎಂದು ಬರೆಯುತ್ತಾಳೆ. ಹತ್ತಿರ ಇದ್ದವರು ಬಂದು ಕಾಲಿನ ಹೆಬ್ಬೆರಳಿನಿಂದ ಗುಂಡಿ ಒತ್ತುತ್ತಾರೆ. ಹೆಚ್ಚಾಗಿ ಅತ್ತಿಗೆ. ನಾನು ಎರಡು ಯಂತ್ರಗಳನ್ನು ಜೋಡಿಸಿ ನೋಡಿದ್ದು ಬಿಸಿಲೇರಿದ ಮಧ್ಯಾಹ್ನ, ಗುಂಡಿ ಬೇಕಾಗದ ಹೊತ್ತಿನಲ್ಲಿ.

ಸಂಜೆ ಅಣ್ಣನನ್ನು ತರಾಟೆಗೆ ತೆಗೆದುಕೊಂಡೆ. ಪ್ರೋಗ್ರಾಮಿನಲ್ಲಿ ಹೀಗೊಂದು ಇದೆ ಎಂದು ಮೊದಲೇ ಹೇಳಬಾರದಿತ್ತೇ ಎಂದು ಕೇಳಿದೆ. ಅವನು ಕಣ್ಣು ಪಿಳಿಪಿಳಿ ಬಿಟ್ಟ. “ಅದು ಪ್ರೋಗ್ರಾಮಲ್ಲ ಅಕ್ಕೋರೆ. ಗುಂಡಿ,” ಅಂದ. ಅವನು ಹೇಳಿದ್ದೂ ಸರಿಯೇ. ಬಾಗಿಲು ಹಾಕಿಕೊಂಡು ಹೋಗು ಎಂದು ನೆಂಟರಿಗೆ ಹೇಳುವಾಗ ಬಾಗಿಲಿಗೆ ಚಿಲಕ ಇದೆ ಎಂದು ಯಾರೂ ವಿವರಿಸುವುದಿಲ್ಲ. ಹಳೆಯ ಡಬ್ಬವನ್ನು ಮತ್ತೆ ತಂದು ಕೂರಿಸಿದ, ಅದೃಷ್ಟಕ್ಕೆ ಅದು ಎದ್ದಿತು. ಆದರೆ ಎಷ್ಟು ದಿನ ಎಂದು ಯಾರಿಗೂ ಗೊತ್ತಿರಲಿಲ್ಲ. ಹೊರಡುವಾಗ ತಂಗಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಭಯವಾಗಿದೆ ಎಂದು ನನಗೆ ಆಗ ಮೊದಲ ಸಲ ಕಂಡಿತು. ಬಸ್ಸಿನಲ್ಲಿ ನನಗೂ ಭಯವಾಯಿತು.

ಶಿರಸಿಗೆ ಬಂದವಳು ಮತ್ತೆ ಲೈಬ್ರರಿ ಹಿಡಿದು ಕೂತೆ. ಕಾಯುವ ಹೊತ್ತನ್ನು ಹಿಗ್ಗಿಸುವುದು ಕಷ್ಟವಿರಲಿಲ್ಲ. ಆದರೆ ಯಾವಾಗ ಹಿಗ್ಗಿಸಬೇಕು ಎಂದು ಅದಕ್ಕೆ ಹೇಳುವವರು ಯಾರು? ಒಂದು ಮಧ್ಯಾಹ್ನ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾಗ ಉತ್ತರ ತಾನಾಗಿ ಬಂತು. ಅಕ್ಷರಗಳೆಲ್ಲ ಪರದೆಗೆ ಹೋಗುವುದೇ ನನ್ನ ಲೈಬ್ರರಿಯ ಮೂಲಕ. ತ ಬಂದು, ಅದರ ಹಿಂದೆ ಡಿ ಬಂದರೆ ಲೈಬ್ರರಿ ತಾನೇ ತಿಳಿದುಕೊಂಡು ನಿಧಾನವಾಗಲಿ. ಇನ್ನೊಮ್ಮೆ ಬರೆದರೆ ಮತ್ತೆ ಚುರುಕಾಗಲಿ. ಅಣ್ಣನ ಬರಹವನ್ನು ಮುಟ್ಟಬೇಕಾಗಿಲ್ಲ. ಮಾತನ್ನೇ ಗುಂಡಿ ಮಾಡಿದ್ದೆ. ನನ್ನ ಇಷ್ಟು ವರ್ಷದ ಪ್ರೋಗ್ರಾಮಿಂಗಿನಲ್ಲಿ ಇಷ್ಟು ಚಂದದ ಕೆಲಸ ಮಾಡಿರಲಿಲ್ಲ ಅನ್ನಿಸಿತು. ಮರುದಿನ ಬಟ್ಟೆ ಒಗೆಯುವಾಗಲೂ ಅದನ್ನೇ ನೆನೆದು ಖುಷಿಪಟ್ಟೆ.

ಇನ್ನೊಂದು ಬೆಳಗು, ಅಷ್ಟೇ ಚಳಿ. ಈ ಸಲ ಎಲ್ಲರೂ ಮನೆಯಲ್ಲೇ ಉಳಿದರು. ಅಣ್ಣ ಅಂಗಡಿಯ ಬಾಗಿಲು ತೆಗೆಯದೆ ಕಂಬಕ್ಕೆ ಒರಗಿ ನಿಂತ, ಅತ್ತಿಗೆ ಒಲೆಯ ಮೇಲಿನದನ್ನು ಇಳಿಸಿಟ್ಟು ಬಂದಳು. ನಾನು ತಂಗಿಗೆ ವಿವರಿಸಿದೆ. ಇನ್ನು ಮೇಲೆ ನಿಧಾನ ಬೇಕಾದರೆ ತಡಿ ಎಂದು ಬರೆದರೆ ಸಾಕು, ಯಾರೂ ಬಂದು ಏನನ್ನೂ ಒತ್ತಬೇಕಾಗಿಲ್ಲ, ಯಾರಿಗೂ ಕಾಯಬೇಕಾಗಿಲ್ಲ ಎಂದೆ. ಅವಳು ಮೊದಲಿನಂತೆ ಅಂದಾಜಿನ ಮೇಲೆ ಒತ್ತಿ ಬರೆದಳು. ತ. ಡಿ. ಕೂಡಲೇ ಸದ್ದುಗಳ ನಡುವಿನ ಮೌನ ಹಿಗ್ಗಿತು. ಬೆಳಕು ಒಂದು ಅಕ್ಷರದ ಮೇಲೆ ಕೂತು, ಉಸಿರು ತೆಗೆದುಕೊಂಡು, ಇನ್ನೊಂದರ ಮೇಲೆ ಕೂತಿತು. ಅವಳ ಕೈ ಎದ್ದು, ಆರಾಮವಾಗಿ ಇಳಿದು, ಸರಿಯಾದ ಅಕ್ಷರಕ್ಕೇ ತಾಗಿತು. ‘ಅಕ್ಕ’ ಎಂದು ಬರೆದಳು. ಒಂದೂ ಮಹಾಪ್ರಾಣವಿಲ್ಲ. ಅಣ್ಣ ಕಂಬ ಬಿಟ್ಟು ಹತ್ತಿರ ಬಂದ. ನನ್ನ ಕಣ್ಣು ತುಂಬಿತು, ಅದನ್ನು ಮುಚ್ಚಿಡಲು ಏನೋ ಕುಚೋದ್ಯದ ಮಾತಾಡಿದೆ.

ತಂಗಿ ಮಾತ್ರ ನಗಲಿಲ್ಲ. ಸಾಲುಗಳು ತಮ್ಮಷ್ಟಕ್ಕೆ ಬೆಳಗುತ್ತ ಆರುತ್ತ ಹೋದವು. ಆಮೇಲೆ ಬರೆಯತೊಡಗಿದಳು. ಉದ್ದದ ಮಾತು, ಮಂಜು ಕರಗಿ ಕಿಟಕಿಯಿಂದ ಬಿಸಿಲು ಒಳಗೆ ಬರುವಷ್ಟು ಹೊತ್ತು ಬರೆದಳು. ನಾವು ಯಾರೂ ಮುಂದಿನ ಅಕ್ಷರವನ್ನು ಊಹಿಸಿ ಹೇಳಲಿಲ್ಲ.

‘ಇನ್ನು ತಡಿ ಹೇಳಿರೆ ಯಾರು ಬತ್ತ’.

ಯಾರು ಬರುತ್ತಾರೆ ಎಂದು ಯಾಕೆ ಕೇಳುತ್ತಿದ್ದಾಳೆ ಎಂದು ನನಗೆ ಮೊದಲು ಅರ್ಥವಾಗಲಿಲ್ಲ. ಯಾರೂ ಬರಬೇಕಾಗಿಲ್ಲ ಎಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅರ್ಥವಾಯಿತು. ಕೆಲಸದ ನಡುವೆ ಒಬ್ಬರು ಎದ್ದು ಬರುತ್ತಿದ್ದರು. ಬಂದವರು ಗುಂಡಿ ಒತ್ತಿ ಹಾಗೆಯೇ ಹೋಗುತ್ತಿರಲಿಲ್ಲ. ಹೇಗೂ ಬಂದೆನಲ್ಲ ಎಂದು ಸ್ವಲ್ಪ ಕೂರುತ್ತಿದ್ದರು, ಅವಳು ಏನು ಬರೆಯುತ್ತಾಳೆ ನೋಡುತ್ತಿದ್ದರು, ಉತ್ತರ ಕೊಡುತ್ತಿದ್ದರು. ಆ ಬರುವಿಕೆಯನ್ನು ನಾನು ಹೊಸ ಯಂತ್ರಕ್ಕೆ ದಾಟಿಸಿರಲಿಲ್ಲ. ಅದು ಕೋಡಿನಲ್ಲಿ ಎಲ್ಲೂ ಇರಲಿಲ್ಲ. ಇದ್ದದ್ದು ಆ ಗುಂಡಿಯ ಹತ್ತಿರ ಮಾತ್ರ, ಅಲ್ಲಿಂದ ನಾನು ಅದನ್ನು ಜಾಣತನ ಮಾಡಿ ಅಳಿಸಿದ್ದೆ.

ತಡಿಯನ್ನು ಗುರುತಿಸುವ ಸಾಲುಗಳನ್ನು ಈಗಲೇ ತೆಗೆಯುತ್ತೇನೆ ಎಂದೆ. ತಂಗಿ ‘ಗುಂಡಿ ಹಾಕು’ ಎಂದು ಬರೆದಳು. ಪಂಪಿನ ಸ್ಟಾರ್ಟರಿನ ದಪ್ಪ ಗುಂಡಿಯೊಂದು ಅಂಗಡಿಯಲ್ಲಿದೆ, ಅದನ್ನೇ ಮೇಜಿನ ಕೆಳಗೆ ನೆಲದ ಹತ್ತಿರ ಕೂರಿಸುತ್ತೇನೆ ಎಂದು ಅಣ್ಣ ಆಗಲೇ ಬೈಕಿನ ಕೀ ಹುಡುಕುತ್ತ ಹೊರಗೆ ಹೋದ. ನಾನು ನನ್ನ ಲ್ಯಾಪ್‌ಟಾಪಿನಲ್ಲಿ ಲೈಬ್ರರಿ ತೆರೆದು ಆ ಚಂದದ ಸಾಲುಗಳನ್ನು ಒಂದೊಂದಾಗಿ ಅಳಿಸಿದೆ. ಸ್ವಲ್ಪವೂ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಳಿಸುತ್ತಲೇ, ಕೇಳಬಾರದ್ದನ್ನು ಕೇಳಿಬಿಡುವ ನನ್ನ ಚಾಳಿಯಂತೆ ತಂಗಿಯನ್ನು ಕೇಳಿದೆ.

“ಅಲ್ಲವ್ವಾ, ಇಷ್ಟ್ ವರ್ಷ ಕೈ ಮರಗಟ್ಟಿದಾಗ ಅಷ್ಟೇ ಕರೀತಿದ್ದೇನು?”

ಅವಳು ಅತ್ತಿಗೆಯ ಕಡೆ ನೋಡಿದಳು. ಅತ್ತಿಗೆ ಬಾಗಿಲ ಹತ್ತಿರ ನಿಂತು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು. ತಂಗಿ ಪರದೆಗೆ ತಿರುಗಿ ಎರಡೇ ಅಕ್ಷರ ಬರೆದಳು.

‘ಇಲ್ಲೆ’.

ಅತ್ತಿಗೆ ಹತ್ತಿರ ಬಂದು ಅದನ್ನು ಓದಿದಳು. ತಂಗಿಯ ಕುರ್ಚಿಯ ಕೈಯ ಮೇಲೆ ತನ್ನ ಒದ್ದೆ ಕೈ ಇಟ್ಟಳು.

“ಯಂಗೆ ಗೊತ್ತಿತ್ತು,” ಅಂದಳು. “ಗೊತ್ತಿದ್ದೇ ಆನು ಬತ್ತಿದ್ದಿ.”